ಒಂದೇ ಧಾಟಿ, ಹಲವು ಕೊರಳು

ಗಡಿನಾಡಿನ ಜಾತ್ರೆಗಳಲ್ಲಿ ಬೆಳತನಕ ಕುಳಿತು ಹರದೇಶಿ–ನಾಗೇಶಿ ಹಾಡಿಕೆ ಕೇಳಿದವರು ನಮ್ಮ ಸಂಘದಲ್ಲಿ ಇನ್ನೂ ಇದ್ದಾರೆ. ಎದುರುಬದುರಾಗಿ ನಿಂತ ಎರಡು ಮೇಳಗಳಲ್ಲಿ ಹರದೇಶಿಯವರು ಶಿವನ ಪಕ್ಷ, ನಾಗೇಶಿಯವರು ಶಕ್ತಿಯ ಪಕ್ಷ. ಜತ್ತ ತಾಲೂಕಿನವರಾದ ನಮಗೆ ಮರಾಠಿಯ ಕಲಗಿ–ತುರಾ ಕೂಡ ಹೊಸತಲ್ಲ. ದಪ್ಪು, ತುಂತುಣಿ, ತಾಳ, ಇಷ್ಟೇ ವಾದ್ಯ. ಒಂದು ಮೇಳ ಎತ್ತಿಕೊಂಡ ಧಾಟಿಯಲ್ಲಿಯೇ ಇನ್ನೊಂದು ಉತ್ತರಿಸಿದರೆ ಕೇಳುವವರಿಗೆ ಅದೇ ಸೊಗಸು. ಧಾಟಿ ಒಂದೇ ಆದಾಗ ರಾಗದ ಚೆಲುವಿನ ಹಿಂದೆ ಯಾರೂ ಅಡಗಿಕೊಳ್ಳಲಾರರು. ಮಾತಿನ ಬಲ, ಪುರಾಣದ ಓದು ಬಯಲಾಗುತ್ತವೆ.

ಧಾಟಿಗೆ ಒಡೆಯನಿಲ್ಲ, ಪದಕ್ಕೆ ಒಡೆಯನುಂಟು. ಕಡೆಯ ನುಡಿಯಲ್ಲಿ ಕವಿ ತನ್ನ ಊರನ್ನೂ ಗುರುವನ್ನೂ ನೆನೆದು ಹೆಸರು ಹೇಳಿಕೊಳ್ಳುತ್ತಾನೆ. ಈ ನ್ಯಾಯ ನಮ್ಮಲ್ಲಿ ಮಾತ್ರ ಇದೆಯೆಂದು ನಾನು ತಿಳಿದಿದ್ದೆ. ಪುಣೆಯಲ್ಲಿ ಓದುವ ಮೊಮ್ಮಗ ರಜೆಗೆ ಬಂದಾಗ ಮೊಬೈಲಿನಲ್ಲಿ ಒಂದು ಹಾಡು ಕೇಳಿಸಿ, “ಅಜ್ಜಾ, ಈ ತಾಳದ ಹೆಸರು ದಿವಾಳಿ” ಎಂದ. ದೂರದ ಜಮೈಕಾ ದ್ವೀಪದ ಡಾನ್ಸ್‌ಹಾಲ್ ಸಂಗೀತವಂತೆ. ಅಲ್ಲಿ ವಾದ್ಯದ ಹಂದರವೊಂದನ್ನು ಮೊದಲು ಕಟ್ಟಿ ಅದಕ್ಕೆ ಹೆಸರಿಡುತ್ತಾರೆ. ಅದನ್ನು ‘ರಿದಿಮ್’ ಎನ್ನುತ್ತಾರೆ. ಆಮೇಲೆ ಹಲವು ಗಾಯಕರು ಅದೇ ಹಂದರದ ಮೇಲೆ ತಮ್ಮ ತಮ್ಮ ಪದ ಹಬ್ಬಿಸುತ್ತಾರೆ. ‘ದಿವಾಳಿ’ಯನ್ನು ಕಟ್ಟಿದವರು ಸ್ಟೀವನ್ ‘ಲೆಂಕಿ’ ಮಾರ್ಸ್‌ಡನ್. ಅದರ ಮೇಲೆ ಶಾನ್ ಪಾಲ್ ಹಾಡಿದ ‘ಗೆಟ್ ಬಿಜಿ’ 2003ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ವೇಯ್ನ್ ವಂಡರ್ ಅದೇ ತಾಳದ ಮೇಲೆ ‘ನೋ ಲೆಟಿಂಗ್ ಗೋ’ ಎಂಬ ಪ್ರೇಮಗೀತೆ ಹಾಡಿದರು. ಮಾತು ನನಗೆ ಹತ್ತಲಿಲ್ಲ. ಹತ್ತಿದಷ್ಟು ಮೊಮ್ಮಗನ ಎದುರು ಕೇಳುವಂಥದಲ್ಲ. ಆದರೆ ಆ ಚಪ್ಪಾಳೆಯ ಪೆಟ್ಟು! ಗುಡಿಯ ಭಜನೆಯಲ್ಲಿ ಕುಳಿತವನ ಕೈ ತಾನಾಗಿ ಎದ್ದೀತು.

ನಮ್ಮ ಲಾವಣಿಗಳಿಗೆ ಪುಸ್ತಕದ ಭಾಗ್ಯ ಬಂದುದು ನೆರೆಯ ವಿಜಯಪುರ ಜಿಲ್ಲೆಯ ಹಲಸಂಗಿಯಿಂದ. ಖಾಜಾಭಾಯಿಯಂಥ ಲಾವಣಿಕಾರರ ಊರು ಅದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ತಂದರು. ‘ಜೀವನ ಸಂಗೀತ’ದಲ್ಲಿ ಲಾವಣಿಗಳನ್ನು ಕೂಡಿಸಿದರು. ಅವರ ಋಣ ದೊಡ್ಡದು. ಆದರೂ ಅಚ್ಚಿನಲ್ಲಿ ಪದ ಉಳಿಯಿತೇ ಹೊರತು ಧಾಟಿ ಉಳಿಯಲಿಲ್ಲ. ಶಾಲೆಯಲ್ಲಿ ಜಾನಪದ ಪದ್ಯ ಓದಲು ತಡವರಿಸುತ್ತಿದ್ದ ಹುಡುಗರು, ಧಾಟಿ ಎತ್ತಿಕೊಟ್ಟರೆ ಸರಾಗವಾಗಿ ಹಾಡುತ್ತಿದ್ದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಮಕ್ಕಳಿಗೆ ಕನ್ನಡದ ಅಕ್ಷರಕ್ಕಿಂತ ಮೊದಲು ಸಿಕ್ಕದ್ದು ಧಾಟಿಯೇ.

ಈಗ ಜಾತ್ರೆಗಳಲ್ಲಿ ಡಿಜೆ ಪೆಟ್ಟಿಗೆಗಳ ಅಬ್ಬರ. ಹಳೆಯ ಧಾಟಿಗೆ ಹೊಸ ಮಾತು ಹೊಂದಿಸಿ ಹುಡುಗರು ಜಾನಪದವೆಂದು ಹಾಡುತ್ತಾರೆ. ನನ್ನ ವಯಸ್ಸಿನವರು ಇದನ್ನು ಕಳವು ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ಲಾವಣಿಕಾರರೂ ಮಾಡಿದ್ದು ಅದನ್ನೇ. ನನ್ನ ತಕರಾರು ಬೇರೆ. ಪೆಟ್ಟಿಗೆಗೆ ಎದುರು ಮೇಳವಿಲ್ಲ. ಅದು ಕೇಳಿದ ಸವಾಲಿಗೆ ಜವಾಬು ಕೊಡುವವರಿಲ್ಲ, ಕೊಟ್ಟರೂ ಅದಕ್ಕೆ ಕಿವಿಯಿಲ್ಲ.

ಹಳೆಯ ಹಾಡಿನ ಪುಸ್ತಕಗಳಲ್ಲಿ ಪದದ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು, ಬಲ್ಲ ಹಾಡೊಂದರ ಮೊದಲ ಮಾತು ಕೊಡುತ್ತಿದ್ದರು. ಆ ಬಲ್ಲ ಹಾಡನ್ನು ಬಲ್ಲವರು ಇಂದು ಎಂಬತ್ತರ ಆಚೆಗಿದ್ದಾರೆ. ಸಂಘದ ತರುಣರ ಕೈಯಲ್ಲಿ ಮೊಬೈಲು ಇದೆ. ಮುಂದಿನ ಸಮ್ಮೇಳನದೊಳಗೆ ತಮ್ಮ ಮನೆಯ ಹಿರಿಯರಿಂದ ಒಂದೊಂದು ಧಾಟಿಯನ್ನಾದರೂ ಅದರಲ್ಲಿ ಹಿಡಿದು ತರಲಿ. ಪದ ಮರೆತಿದ್ದರೆ ಗುನುಗಿದರೂ ಸಾಕು.