ಕರೆಯದೆ ಬರುವ ಅತಿಥಿಗಳು

ಈಕ್ವೆಡಾರ್ ಕರಾವಳಿಯಿಂದ ಸುಮಾರು 1000 ಕಿಲೋಮೀಟರ್ ಆಚೆ, ಪೆಸಿಫಿಕ್ ಸಾಗರದಲ್ಲಿರುವ ಗ್ಯಾಲಪಗೋಸ್ ದ್ವೀಪಗಳ ಹೆಸರನ್ನು ವಿಕಾಸವಾದದ ಪಾಠ ಓದಿದ ವಿದ್ಯಾರ್ಥಿಗಳೆಲ್ಲ ಕೇಳಿರುತ್ತಾರೆ. 1835ರಲ್ಲಿ ತರುಣ ಡಾರ್ವಿನ್ ಐದು ವಾರ ಸುತ್ತಾಡಿದ ಜಾಗವದು. ಕಡಲಿಗಿಳಿದು ಪಾಚಿ ಮೇಯುವ ಇಗುವಾನ ಜಗತ್ತಿನ ಬೇರಾವ ಮೂಲೆಯಲ್ಲೂ ಇಲ್ಲ. ಇಂಥದ್ದನ್ನು ಕಣ್ಣಾರೆ ಕಾಣುವ ಆಸೆ ಯಾರಿಗಿರುವುದಿಲ್ಲ? ಅಲ್ಲಿ ನೆಲೆಸಿರುವವರು ಸುಮಾರು 30 ಸಾವಿರ. ವರ್ಷಕ್ಕೆ ಬಂದು ಹೋಗುವವರು ಸುಮಾರು 3 ಲಕ್ಷ!

ಇಷ್ಟು ಜನರನ್ನು ನಿಭಾಯಿಸಲು ಈಕ್ವೆಡಾರ್ ರೂಪಿಸಿರುವ ಯೋಜನೆ ಮೆಚ್ಚುವಂಥದ್ದೇ. ನೆಲದ ಶೇಕಡ 97ರಷ್ಟು ಭಾಗ ರಾಷ್ಟ್ರೀಯ ಉದ್ಯಾನ. ಅದರ ಬಹುತೇಕ ತಾಣಗಳಿಗೆ ಮಾರ್ಗದರ್ಶಿಯಿಲ್ಲದೆ ಹೋಗುವಂತಿಲ್ಲ, ಗುರುತಿಸಿದ ಕಾಲುದಾರಿ ಬಿಡುವಂತಿಲ್ಲ, ಪ್ರಾಣಿಗಳಿಂದ 2 ಮೀಟರ್ ದೂರವೇ ನಿಲ್ಲಬೇಕು. 2024ರಲ್ಲಿ ಹೆಚ್ಚಿನ ವಿದೇಶೀಯರ ಪ್ರವೇಶ ಶುಲ್ಕವನ್ನು 100 ಡಾಲರಿನಿಂದ 200 ಡಾಲರಿಗೆ ಏರಿಸಲಾಯಿತು.

ಇಷ್ಟಾದರೆ ಸಾಕೇ? ಸಾಲದು. ಪ್ರವಾಸಿ ಒಬ್ಬನೇ ಬರುವುದಿಲ್ಲ. ಅವನ ಊಟಕ್ಕೆ ಹಣ್ಣು, ತರಕಾರಿ, ಅವನು ತಂಗುವ ಹೋಟೆಲಿಗೆ ಸಿಮೆಂಟು, ಮರಮುಟ್ಟು ಎಲ್ಲವೂ ಬರಬೇಕು. ಅವುಗಳ ಸಂದಿಯಲ್ಲಿ ಬೀಜ, ಇರುವೆ, ಕೀಟದ ಮೊಟ್ಟೆಗಳು ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತವೆ.

ಹೊರಗಿನಿಂದ ಬಂದು ಸೇರಿದ ಒಂದು ನೊಣದ ಕಥೆ ಕೇಳಿ. ನೋಡಲು ಮನೆನೊಣದಂತೆಯೇ ಸಾಧು. ಆದರೆ ಅದರ ಮರಿಹುಳು ಹಕ್ಕಿಗೂಡಿನಲ್ಲಿ ಅಡಗಿದ್ದು, ರಾತ್ರಿ ಮೇಲೆ ಬಂದು ಮರಿಗಳ ರಕ್ತ ಹೀರುತ್ತದೆ. ಡಾರ್ವಿನ್ನನ ಫಿಂಚ್ ಹಕ್ಕಿಗಳ ಗೂಡಿನಲ್ಲಿ ಇದು ಪತ್ತೆಯಾದದ್ದು 1997ರಲ್ಲಿ. ಇಸಬೆಲಾ ದ್ವೀಪದಲ್ಲಿ ಮಾತ್ರ ಉಳಿದಿರುವ ಮ್ಯಾಂಗ್ರೋವ್ ಫಿಂಚ್‌ಗಳ ಸಂಖ್ಯೆ ಇಂದು ಸುಮಾರು 100. ವಿಜ್ಞಾನಿಗಳು ಮರ ಹತ್ತಿ ಗೂಡುಗಳಿಗೆ ಔಷಧಿ ಹಾಕಿ ಅವನ್ನು ಕಾಯುತ್ತಿದ್ದಾರೆ. ಬಂಡೀಪುರದ ಕಾಡನ್ನು ಕಾಡುತ್ತಿರುವ ಲಂಟಾನ ಅಲ್ಲಿಯೂ ಇದೆ. ಅದನ್ನು ಒಯ್ದದ್ದು ಬರೀ ಹೂವಿನ ಅಂದಕ್ಕೆ!

ಹಾಗಾದರೆ ಪ್ರವಾಸಿಗರನ್ನೇ ತಡೆದರೆ? ದ್ವೀಪದವರ ಅನ್ನವೂ ಉದ್ಯಾನದ ಆದಾಯವೂ ಪ್ರವಾಸಿಗಳನ್ನೇ ನೆಚ್ಚಿಕೊಂಡಿವೆ. ಆದ್ದರಿಂದ ಯೋಜನೆ ಶುರುವಾಗಬೇಕಾದದ್ದು ದ್ವೀಪದಲ್ಲಲ್ಲ, ಸರಕು ಹೊರಡುವ ಬಂದರಿನಲ್ಲಿ. ವಿಮಾನ ಹತ್ತುವ ಮುನ್ನ ಚೀಲಗಳ ತಪಾಸಣೆಯೇನೋ ಈಗಲೂ ನಡೆಯುತ್ತದೆ. ಆದರೆ ಎಷ್ಟು ಜನರಿಗೆ ಹಾಸಿಗೆ ಹಾಕಬಹುದು ಎಂಬುದಲ್ಲ ಲೆಕ್ಕ. ಎಷ್ಟು ಪೆಟ್ಟಿಗೆಗಳನ್ನು ಬಿಚ್ಚಿ ನೋಡಬಲ್ಲೆವು ಎಂಬುದೇ ಆ ದ್ವೀಪದ ನಿಜವಾದ ಮಿತಿ. ಒಳಹೊಕ್ಕ ನೊಣವನ್ನು ಹೊರಗಟ್ಟಲು ಈವರೆಗೆ ಸಾಧ್ಯವಾಗಿಲ್ಲ. ಬಾಗಿಲಲ್ಲಿ ತಡೆಯುವುದೇ ಅಗ್ಗ.