ಬೇಸಗೆಯ ನೆಂಟರು

ತುಮಕೂರಿನ ಶಿರಾ ಗೇಟಿನಲ್ಲಿ ನಾನು ಸಂಸಾರ ಹೂಡಿ ಐವತ್ತು ವರ್ಷಗಳ ಮೇಲಾಯಿತು. ಹೊಸಬರು ಬಂದರೆ ಮೊದಲು “ಗೇಟು ಎಲ್ಲಿ?” ಎಂದು ಕೇಳುವರು. ಗೇಟಿಲ್ಲ, ಹೆಸರು ಮಾತ್ರ ಉಳಿದಿದೆ. ಶಿರಾ ಪಟ್ಟಣಕ್ಕೆ ಹೋಗುವ ದಾರಿಯ ಬಾಯಲ್ಲಿರುವುದರಿಂದ ನಮ್ಮದು ಶಿರಾ ಗೇಟ್. ಗುಬ್ಬಿಯ ದಾರಿಯದು ಗುಬ್ಬಿ ಗೇಟ್. ಬಾಗಿಲಿಲ್ಲದ ಊರಬಾಗಿಲಿನಲ್ಲಿ ಮನೆ ಮಾಡಿದವರಿಗೆ ನೆಂಟರ ಕೊರತೆ ಇರಲಾರದೆಂದು ನಮ್ಮ ಯಜಮಾನರು ಹೇಳಿ ನಗುತ್ತಿದ್ದರು. ಅವರಿದ್ದಷ್ಟು ಕಾಲವೂ ಆ ಕೊರತೆ ಇರಲಿಲ್ಲವೆಂಬುದಕ್ಕೆ ನಮ್ಮ ಅಡಿಗೆಮನೆಯ ದೊಡ್ಡ ತಪ್ಪಲೆಗಳೇ ಸಾಕ್ಷಿ.

ಆಗಿನ ಬೇಸಗೆ ಹೇಗಿದ್ದಿತೆಂಬುದನ್ನು ಗೃಹಿಣಿಯರಾದ ವಾಚಕಿಯರಿಗೆ ನಾನು ವಿಸ್ತರಿಸಿ ಹೇಳಬೇಕಾಗಿಲ್ಲ. ಮಕ್ಕಳ ಪರೀಕ್ಷೆ ಮುಗಿದ ಮಾರನೆಯ ದಿನವೇ ಮೂವರು ನಾದಿನಿಯರೂ ಟ್ರಂಕು, ಹಾಸಿಗೆಸುರುಳಿ, ಮಕ್ಕಳು ಸಮೇತ ಬಂದಿಳಿಯುವರು. ಜೂನಿನಲ್ಲಿ ಶಾಲೆ ತೆರೆಯುವವರೆಗೂ ಅವರು ನೆಂಟರಲ್ಲ, ಮನೆಯವರೇ. ಒಬ್ಬಳು ಹುಣಿಸೆಹಣ್ಣಿನ ನಾರು ಬೀಜ ತೆಗೆದು ಉಪ್ಪು ಬೆರಸಿ ಜಾಡಿಗೆ ತುಂಬುವಳು. ಒಬ್ಬಳು ಮಾವಿನಕಾಯಿ ಹೆಚ್ಚುವಳು. ಇನ್ನೊಬ್ಬಳು ಏನೂ ಮಾಡದೆ ಎಲ್ಲರನ್ನೂ ನಗಿಸುವಳು. ರಾತ್ರಿ ಮಾಳಿಗೆಯ ಮೇಲೆ ಚಾಪೆ ಹಾಸಿದರೆ ಎಣಿಸಲು ಹದಿನೆಂಟು ತಲೆ. ಜಗಳವಿರಲಿಲ್ಲವೆಂದಲ್ಲ. ಎರಡು ತಿಂಗಳು ಒಟ್ಟಿಗಿರಬೇಕಾದವರು ಜಗಳವನ್ನು ಎರಡು ದಿನಕ್ಕಿಂತ ಹೆಚ್ಚು ಕಾಲ ನಡೆಸಲಾರರು, ಅಷ್ಟೇ.

ಅನಂತರ ದಾರಿ ಅಗಲವಾಯಿತು. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಅದರಿಂದ ನಮ್ಮ ನೆಂಟತನಕ್ಕೆ ಯಾವ ಬಾಧೆಯೂ ಆಗಿರಲಿಲ್ಲ. ಪುಣೆಯ ಹೆದ್ದಾರಿ ವಿಸ್ತಾರವಾದ ಮೇಲೆ ಎಪ್ಪತ್ತು ಕಿಲೋಮೀಟರು ಒಂದೂವರೆ ಗಂಟೆಯ ಮಾತಾಯಿತು. ಮಗನೂ ಕಿರಿಯ ಮಗಳೂ ಬೆಂಗಳೂರಿನಲ್ಲಿರುವವರು. ಭಾನುವಾರ ಹತ್ತು ಗಂಟೆಗೆ ಬಂದರೆ ಊಟ ಮಾಡಿ, ನಾಲ್ಕು ತೆಂಗಿನಕಾಯಿ, ಒಂದು ಹಿಡಿ ಕರಿಬೇವು ತೆಗೆದುಕೊಂಡು, ನೆಲಮಂಗಲದ ಬಳಿ ವಾಹನಗಳು ಮುತ್ತುವುದಕ್ಕೆ ಮೊದಲೇ ಹೋಗಬೇಕೆಂದು ನಾಲ್ಕಕ್ಕೆ ಹೊರಡುವರು. “ಇನ್ನೆರಡು ದಿನ ಇರಬಾರದೇ?” ಎಂದರೆ, “ಹತ್ತಿರವೇ ಅಲ್ಲವೇ ಅಮ್ಮ, ಯಾವಾಗ ಬೇಕಾದರೂ ಬರಬಹುದು” ಎನ್ನುವರು. ದೂರವಿದ್ದಾಗ ಎರಡು ತಿಂಗಳು ದೊರೆಯುತ್ತಿದ್ದ ಮಕ್ಕಳು ಹತ್ತಿರವಾದ ಮೇಲೆ ಆರು ಗಂಟೆಗೆ ಇಳಿದರು. ಮೊಮ್ಮಕ್ಕಳಿಗೆ ರಜದಲ್ಲಿ ಬೇಸಗೆ ಶಿಬಿರವೆಂಬುದೊಂದು ಇರುತ್ತದೆ. ಅಲ್ಲಿ ಹಣ ಕೊಟ್ಟು ಮಣ್ಣಿನಲ್ಲಿ ಆಡುವುದನ್ನು ಕಲಿಸುವರಂತೆ.

ಯಜಮಾನರು ತೀರಿಕೊಂಡ ಕೆಲವು ವರ್ಷಗಳಿಗೆ ಮಗನು ಮನೆಯ ಪ್ರಸ್ತಾಪ ತೆಗೆದನು. ಎಪ್ಪತ್ತು ದಾಟಿದ ತಾಯಿ ಒಬ್ಬಳೇ ಇರುವುದು ಸರಿಯಲ್ಲ, ದಾರಿಯ ಮಗ್ಗುಲಿನ ನಿವೇಶನಕ್ಕೆ ಒಳ್ಳೆಯ ಬೆಲೆ ಬರುತ್ತದೆ, ಮಾರಿ ನೀನು ನಮ್ಮೊಡನೆ ಬಂದುಬಿಡು ಎಂದನು. ಅವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಮನೆ ಯಜಮಾನರ ಸ್ವಯಾರ್ಜಿತ. ಅವರು ಉಯಿಲು ಬರೆದಿರಲಿಲ್ಲ. ಅಂಥ ಸ್ವತ್ತಿನಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿಗೂ ಗಂಡು ಹೆಣ್ಣು ಮಕ್ಕಳೆಲ್ಲರಿಗೂ ಸಮಪಾಲು. ಆದುದರಿಂದ ಮಗನು ತಂದ ಕರಾರಿನ ಕರಡಿನಲ್ಲಿ ಸಹಿಗೆ ನಾಲ್ಕು ಜಾಗಗಳಿದ್ದವು. ಹುಬ್ಬಳ್ಳಿಯಲ್ಲಿರುವ ಹಿರಿಯ ಮಗಳಿಗೆ ಆ ಕರಡಿನ ಸುದ್ದಿ ತಮ್ಮನಿಂದ ಬರದೆ ಬೇರೆಯವರ ಬಾಯಿಂದ ತಲಪಿತು. ಅಂದಿನಿಂದ ಅವಳಿಗೂ ತಮ್ಮನ ಸಂಸಾರಕ್ಕೂ ಇದ್ದ ಮಾತು ಹಬ್ಬದ ಶುಭಾಶಯದ ಮಟ್ಟಿಗೆ ಬಂದು ನಿಂತಿತು. ನಾನು ಕರಡನ್ನು ಬೀರುವಿನಲ್ಲಿಟ್ಟು, “ಬೇಸಗೆ ಕಳೆಯಲಿ, ಹೇಳುತ್ತೇನೆ” ಎಂದೆನು.

ಹೀಗಿರಲು 2024ರ ಬೇಸಗೆ ಬಂದಿತು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರವೇ ಸಾರಿದ್ದಿತು. ಬೆಂಗಳೂರಿನ ಹೊರವಲಯಗಳಲ್ಲಿ ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ, ತೋಟಕ್ಕೆ ಹಾಯಿಸಿದವರಿಗೆ ಐದು ಸಾವಿರ ರೂಪಾಯಿ ದಂಡವೆಂದು ಮಾರ್ಚಿಯಲ್ಲಿ ಅಪ್ಪಣೆಯಾಯಿತು. ನನ್ನ ಮಗನಿರುವುದು ನಗರದ ಪೂರ್ವದ ಅಂಚಿನ ಒಂದು ಹತ್ತು ಅಂತಸ್ತಿನ ಕಟ್ಟಡದಲ್ಲಿ. ಅಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು. ಉಳಿದ ಹೊತ್ತು ಟ್ಯಾಂಕರಿನ ದಾರಿ ಕಾಯುವುದು. ಕೈತುಂಬ ಸಂಬಳವಿರುವ ನನ್ನ ಸೊಸೆ ನಡುರಾತ್ರಿಯಲ್ಲಿ ಟ್ಯಾಂಕರಿನವನಿಗೆ “ಅಣ್ಣಾ” ಎಂದು ಫೋನಿನಲ್ಲಿ ಅಂಗಲಾಚುವುದನ್ನು ಕೇಳಿ ನನ್ನ ಕರುಳು ಚುರುಕ್ಕೆಂದಿತು. ಯುಗಾದಿಗೆಂದು ಏಪ್ರಿಲ್ 8ರ ಸಂಜೆ ಬಂದವರು ನಾಲ್ಕು ದಿನದ ಬಟ್ಟೆ ತಂದಿದ್ದರು. ಇದ್ದುದು ಐದು ವಾರ. ಮಗನು ನಡುಮನೆಯಲ್ಲಿ ಕಂಪ್ಯೂಟರು ಹೂಡಿಕೊಂಡು ಕುಳಿತನು. ಕಿರಿಯ ಮಗಳೂ ಬಂದಳು. ಎಲ್ಲರೂ ಸೇರಿದ್ದಾರೆಂದು ತಿಳಿದು ಹಿರಿಯವಳೂ ಮಗಳನ್ನು ಕರೆದುಕೊಂಡು ಬಂದಳು. ಪ್ರೀತಿಯಿಂದ ಬಂದಳೋ ಪಾಲಿನ ಚಿಂತೆಯಿಂದ ಬಂದಳೋ ನಾನು ಕೇಳಲಿಲ್ಲ.

ನಮ್ಮ ಮನೆಯಲ್ಲಿ ನೀರು ಸಮೃದ್ಧವೆಂದು ವಾಚಕರು ಭಾವಿಸಬಾರದು. ಗೊರೂರಿನ ಅಣೆಕಟ್ಟಿನಿಂದ ಹೇಮಾವತಿಯ ನೀರು ನಾಲೆಯಲ್ಲಿ ಹರಿದು ಬುಗುಡನಹಳ್ಳಿಯ ಕೆರೆಗೆ ಬಂದು, ಅಲ್ಲಿಂದ ನಮ್ಮ ಕೊಳಾಯಿಗೆ ಇಳಿಯಬೇಕು. ಅದು ಇಳಿದ ದಿನ ಹಬ್ಬ. ಹಿತ್ತಲ ಬಾವಿ ಬತ್ತಿ ಇಪ್ಪತ್ತು ವರ್ಷವಾಗಿದ್ದಿತು. ನಮ್ಮಲ್ಲಿದ್ದುದು ನೀರಲ್ಲ, ನೀರಿನ ಲೆಕ್ಕ. ಕೊಳಾಯಿಯ ಮೊದಲ ನೀರನ್ನು ಬಟ್ಟೆಯಲ್ಲಿ ಸೋಸಿ ಹಿತ್ತಾಳೆಯ ಬಿಂದಿಗೆಗೆ, ಅದು ಕುಡಿಯುವುದಕ್ಕೆ. ಎರಡನೆಯದು ಅಡಿಗೆಗೆ. ಅಕ್ಕಿ ತೊಳೆದ ನೀರು ಕರಿಬೇವಿಗೆ. ತರಕಾರಿ ತೊಳೆದದ್ದರಲ್ಲಿ ಪಾತ್ರೆಗಳ ಮೊದಲ ಜಾಲಾಟ. ಬಚ್ಚಲಿನದು ಕಾಲುವೆಯಲ್ಲಿ ಹೋಗಿ ತೆಂಗು ಬಾಳೆಗಳ ಬುಡ ಸೇರಬೇಕು. ಹೊಸ ನೀರು ಬಂದಿತೆಂದು ಹಳೆಯದನ್ನು ಚೆಲ್ಲುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಚೆಲ್ಲುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಒಂಬತ್ತು ವರ್ಷದ ಮೊಮ್ಮಗನು ಮೊದಲ ದಿನ ಕೊಳಾಯಿ ಬಿಟ್ಟುಕೊಂಡು ಹಲ್ಲುಜ್ಜುತ್ತಿದ್ದನು. ನಾನು ಒಂದು ಚೊಂಬು ಕೊಟ್ಟು, “ಪುಟ್ಟಾ, ಇದರಲ್ಲಿ ಮುಗಿಸಿದರೆ ಪಾನಕ ಉಂಟು” ಎಂದೆನು. ಅವನು ಲೆಕ್ಕದಲ್ಲಿ ಚುರುಕು. ಚೊಂಬಿನಲ್ಲಿ ಅರ್ಧ ಉಳಿಸಿ ತಂದು, ಪಾನಕ ಎರಡು ಲೋಟವಾಗಬೇಕೆಂದು ವಾದಿಸಿದನು. ಅಂದಿನಿಂದ ಹಂಡೆಯ ಉಸ್ತುವಾರಿ ಅವನದಾಯಿತು. ಮನೆಗೆ ದಿನಕ್ಕೆ ಎಷ್ಟು ಕೊಡ ಖರ್ಚಾಯಿತೆಂದು ಬರೆಯಲು ಅವನಿಗೊಂದು ಕಾಗದ ಬೇಕಾಯಿತು. ಎಲ್ಲಿಂದಲೋ ಒಂದು ದಪ್ಪನೆಯ ಹಾಳೆ ತಂದು ಬಚ್ಚಲಮನೆಯ ಬಾಗಿಲಿಗೆ ಅಂಟಿಸಿದನು. ಮೊದಲ ದಿನ ಒಂಬತ್ತು ಜನಕ್ಕೆ ಅರವತ್ತೊಂದು ಕೊಡ. ಹತ್ತನೆಯ ದಿನ ಮೂವತ್ತೆಂಟು. ಹೆಚ್ಚು ಬಳಸಿದವರ ಹೆಸರನ್ನು ಕೆಳಗೆ ಬರೆಯುತ್ತಿದ್ದನು. ಆರು ದಿನ ಅವನ ತಂದೆಯದೇ ಹೆಸರು.

ಸೊಸೆ ಬಂದ ಎರಡು ದಿನ ಮಲಗಿಯೇ ಇದ್ದಳು. ನಾನು ಎಬ್ಬಿಸಲಿಲ್ಲ. ಮೂರನೆಯ ದಿನ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದವಳು, “ಅತ್ತೆ, ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ಟರು?” ಎಂದಳು. “ನಿಮ್ಮ ಮಾವನವರ ತಾಯಿ. ಅವರಿಗೆ ಹೇಳಿಕೊಟ್ಟದ್ದು ಬಾವಿಯ ಹಗ್ಗ. ಸೇದಿದ ಕೈಗೆ ನೀರಿನ ತೂಕ ಗೊತ್ತಿರುತ್ತದೆ, ತಾಯಿ” ಎಂದೆನು. ಮಾರನೆಯ ದಿನದಿಂದ ಸೋಸುವ ಬಟ್ಟೆ ಅವಳ ಕೈಯಲ್ಲಿ.

ಸಂಡಿಗೆಯ ವಿಚಾರ ಹೇಳಬೇಕು. ಬೂದುಗುಂಬಳದ ಅರಳು ಸಂಡಿಗೆ ಇಡುವುದು ಒಬ್ಬರ ಕೆಲಸವಲ್ಲ. ಕುಂಬಳವನ್ನು ಸಣ್ಣಗೆ ಹೆಚ್ಚಿ, ಉಪ್ಪು ಖಾರ ಕೂಡಿಸಿ, ಭತ್ತದ ಅರಳನ್ನು ಕಲೆಸಿದ ಮೇಲೆ ಕಾಯುವಂತಿಲ್ಲ. ಬಿಸಿಲು ಏರುವುದರೊಳಗೆ ಮಾಳಿಗೆಯ ಮೇಲೆ ಸೀರೆ ಹಾಸಿ ಇಟ್ಟು ಮುಗಿಸಬೇಕು. ಹಿರಿಯ ಮಗಳೂ ಸೊಸೆಯೂ ಒಂದೇ ಸೀರೆಯ ಎರಡು ಅಂಚಿನಿಂದ ಇಡುತ್ತ ಬಂದರು. ನಡುವೆ ಸೇರುವ ಹೊತ್ತಿಗೆ ಮಾತಾಡದೆ ವಿಧಿಯಿರಲಿಲ್ಲ. ನಾನು ಕಾಗೆ ಕಾಯುವ ನೆಪದಲ್ಲಿ ಮೆಟ್ಟಿಲ ಬಾಯಲ್ಲಿ ಕುಳಿತಿದ್ದೆನು.

“ಮನೆ ಮಾರುವ ಮಾತನ್ನು ನನ್ನನ್ನು ಒಂದು ಸಲ ಕೇಳಿದನೇ?” ಎಂದಳು ಮಗಳು.

“ನನ್ನನ್ನೂ ಕೇಳಲಿಲ್ಲ, ಅತ್ತಿಗೆ” ಎಂದಳು ಸೊಸೆ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ಯಾರು ಮೊದಲು ನಕ್ಕರೋ ತಿಳಿಯದು. ನಾನು ಅಲ್ಲಿಂದಲೇ, “ನನ್ನನ್ನು ಕೇಳಿದ್ದಾನೆ. ನಾನಿನ್ನೂ ಉತ್ತರ ಕೊಟ್ಟಿಲ್ಲ” ಎಂದೆನು. ಆ ಹೊತ್ತಿನಲ್ಲಿ ಕಾಗೆ ಮೂರು ಸಂಡಿಗೆ ಕೊಂಡುಹೋಯಿತು. ಹೋಗಲಿ.

ಏಪ್ರಿಲ್ 26ರಂದು ಲೋಕಸಭೆಯ ಚುನಾವಣೆ. ಮಗ ಸೊಸೆ ಬೆಂಗಳೂರಿಗೆ ಹೋಗಿ ಮತ ಹಾಕಿ ಆ ರಾತ್ರಿಯೇ ಮರಳಿದರು. ಹತ್ತಿರದ ದಾರಿ ಹೀಗೂ ಉಪಯೋಗಕ್ಕೆ ಬರುತ್ತದೆಂದು ಅಂದು ಮೊದಲ ಸಲ ಕಂಡೆನು.

ಮಕ್ಕಳ ಹಟಕ್ಕೆ ಒಂದು ದಿನ ದೇವರಾಯನದುರ್ಗಕ್ಕೆ ಹೋದೆವು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಕಟ್ಟಿಸಿಕೊಂಡು, ನಾಮದ ಚಿಲುಮೆಯ ಮರಗಳ ನೆರಳಿನಲ್ಲಿ ಕುಳಿತು ತಿಂದದ್ದಾಯಿತು. ನಾಮವಿಟ್ಟುಕೊಳ್ಳಲು ನೀರು ಸಿಕ್ಕದೆ ಶ್ರೀರಾಮನು ಬಂಡೆಗೆ ಬಾಣ ಬಿಟ್ಟನೆಂಬ ಸ್ಥಳಪುರಾಣವನ್ನು ಹೇಳಿದೆನು. ಆ ವರ್ಷ ಮಕ್ಕಳಿಗೆ ಅದು ಕಥೆಯಾಗಿ ಕೇಳಿಸಲಿಲ್ಲ. ಈ ಬೆಟ್ಟಸಾಲಿನಲ್ಲಿ ಎರಡು ಹೊಳೆಗಳು ಹುಟ್ಟುತ್ತವೆ. ಜಯಮಂಗಲಿ ಕೊರಟಗೆರೆ ಮಧುಗಿರಿಗಳ ಕಡೆ ಬಡಗಲಾಗಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷೆ ತೆಂಕಲಾಗಿ ಹೋಗಿ ಕಾವೇರಿಯನ್ನು ಸೇರುತ್ತದೆ. ಬೇಸಗೆಯಲ್ಲಿ ಹೊಳೆಯೆಂದು ಬೆರಳು ತೋರಿಸುವಂಥದೇನೂ ಇರಲಿಲ್ಲ. ಆದರೂ ಹಿರಿಯ ಮಗಳು ಬಡಗಣ ದಿಕ್ಕು ನೋಡಿ, “ನಾನು ಜಯಮಂಗಲಿ, ಇವಳು ಶಿಂಷೆ” ಎಂದು ತಂಗಿಯ ಹೆಗಲ ಮೇಲೆ ಕೈಯಿಟ್ಟಳು. ಮಗನು, “ಹಾಗಾದರೆ ನಾನು?” ಎಂದನು. “ನೀನು ಟ್ಯಾಂಕರು” ಎಂದನು ಅವನ ಮಗ. ಎಲ್ಲರಿಗಿಂತ ಹೆಚ್ಚು ನಕ್ಕವನು ನನ್ನ ಮಗನೇ. ಅಕ್ಕ ತಮ್ಮಂದಿರು ಬೆಟ್ಟ ಇಳಿಯುವಾಗ ಹಿಂದೆ ಉಳಿದು ಬಹಳ ಹೊತ್ತು ಮಾತಾಡಿಕೊಂಡು ಬಂದರು. ಏನು ಮಾತೆಂದು ನನಗೆ ಯಾರೂ ಹೇಳಲಿಲ್ಲ.

ಮೇ ತಿಂಗಳಲ್ಲಿ ಮಳೆ ಬಂದಿತು. ಮಕ್ಕಳು ಮನೆಯ ಪಾತ್ರೆ ಪಡಗವನ್ನೆಲ್ಲ ಸೂರಿನ ಕೆಳಗಿಟ್ಟರು. ಒಂದು ಮೂಲೆಯ ಧಾರೆಯಿಂದಲೇ ಹನ್ನೊಂದು ಕೊಡ ತುಂಬಿತೆಂದು ಮೊಮ್ಮಗನು ಕೂಗಿಕೊಂಡು ಬಂದು ಬಾಗಿಲ ಹಾಳೆಯಲ್ಲಿ ಬರೆದನು. ಅವನ ತಂದೆ ಹಾಳೆಯನ್ನು ನೋಡುತ್ತ ನಿಂತವನು ಅದರ ಒಂದು ಮೂಲೆಯನ್ನು ಎತ್ತಿ ಹಿಂಬದಿ ನೋಡಿದನು. ಅದು ಬೀರುವಿನಲ್ಲಿದ್ದ ಕರಡಿನ ಕೊನೆಯ ಹಾಳೆ. ನಾಲ್ಕು ಸಹಿಗಳ ಜಾಗವಿದ್ದುದು. ನಾನು ಒಲೆಯ ಕಡೆ ತಿರುಗಿದೆನು. ಅವನು ಮೂಲೆಯನ್ನು ಮೊದಲಿನಂತೆ ಒತ್ತಿ ಅಂಟಿಸಿ, ಕೊಡೆ ಹಿಡಿದು ಹಿತ್ತಲಿಗೆ ಹೋಗಿ ಬಾವಿಯ ಮೇಲಿನ ತಗಡು ಸರಿಸಿ ನೋಡಿದನು.

ಎಲ್ಲರೂ ಹೊರಟುಹೋದ ಮೇಲೆ, ನಾಲ್ಕು ವಾರ ಅವನು ಶನಿವಾರ ಬಂದು ರಾತ್ರಿ ತಂಗಿದನು. ಗಾರೆಯವನನ್ನು ಕರೆಸಿ ಮಾಳಿಗೆಯ ನೀರನ್ನು ಕೊಳವೆಯಲ್ಲಿ ಇಳಿಸಿ, ಜಲ್ಲಿ, ಮರಳು, ಇದ್ದಲು ತುಂಬಿದ ತೊಟ್ಟಿಯಲ್ಲಿ ಸೋಸಿ ಬಾವಿಗೆ ಬಿಡಿಸಿದನು. ಆ ವರ್ಷದ ಮುಂಗಾರು ಧಾರಾಳವಾಗಿದ್ದಿತು. ದಸರೆಯ ಹೊತ್ತಿಗೆ ಬಾವಿಯಲ್ಲಿ ಒಂದಾಳು ನೀರು. ಹುಬ್ಬಳ್ಳಿಗೆ ತಿಳಿಸಿದಾಗ ಹಿರಿಯವಳು, “ಮಾರುವ ಮನೆಗೆ ಯಾರಮ್ಮ ಕೊಳವೆ ಹಾಕಿಸುತ್ತಾರೆ?” ಎಂದಳು. ನಾನು ಮಗನನ್ನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಕ್ಟೋಬರಿನಲ್ಲಿ ಬೆಂಗಳೂರಿನ ಹೊರವಲಯಗಳಿಗಾಗಿ ಕಾವೇರಿಯ ಐದನೆಯ ಹಂತದ ನೀರು ಬಿಟ್ಟರು. ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟೆನು. ಜೊತೆಯಲ್ಲೇ, ಇನ್ನು ಮುಂದಿನ ಬೇಸಗೆಗೆ ಇವರೇಕೆ ಬಂದಾರು ಎಂಬ ಯೋಚನೆಯೂ ಬಾರದಿರಲಿಲ್ಲ. ಮುದುಕಿಯ ಬುದ್ಧಿಯೆಂದು ವಾಚಕರು ಕ್ಷಮಿಸಬೇಕು.

ಮಾಘದಲ್ಲಿ ಒಂದು ದಿನ ಸೊಸೆ ಫೋನು ಮಾಡಿದಳು. “ಅತ್ತೆ, ಯುಗಾದಿಯಿಂದ ಇಪ್ಪತ್ತು ದಿನ ರಜ ಬರೆದುಕೊಟ್ಟಿದ್ದೇನೆ. ಸಂಡಿಗೆಗೆ ಎರಡು ಬೂದುಗುಂಬಳ ಹೇಳಿಡಿ” ಎಂದಳು. ಹುಬ್ಬಳ್ಳಿಯವಳಿಗೆ ತಿಳಿಸಿದೆನು. ಎರಡು ಸಾಲದು, ಹೋದ ವರ್ಷ ಕಾಗೆಗೇ ಅರ್ಧ ಹೋಯಿತು, ಮೂರು ಇರಲಿ ಎಂದಳು. ಅದೇ ಸಂಜೆ ಸಂತೆಯ ಮುದುಕನಿಗೆ ಮೂರಕ್ಕೆ ಮುಂಗಡ ಕೊಟ್ಟು ಬಂದೆನು.