ಹುಣಸೆಮರದ ಅಪರಾಧ

ನಮ್ಮ ನಿಡಘಟ್ಟದ ಹೆಸರು ಈಗ ಊರಿಗಿಂತ ರಸ್ತೆಗೇ ಹೆಚ್ಚು ಸಲ್ಲುತ್ತದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಎರಡು ಭಾಗ ಮಾಡಿ ಕಟ್ಟಿದರು. ಒಂದು ಭಾಗ ನಿಡಘಟ್ಟದಲ್ಲಿ ಮುಗಿಯಿತು, ಇನ್ನೊಂದು ಅಲ್ಲಿಂದಲೇ ತೊಡಗಿತು. ರಸ್ತೆ ಬಂದಮೇಲೆ ಹೊಲಕ್ಕೆ ಬೆಲೆ ಬರುವುದು, ಬೆಲೆ ಬಂದಮೇಲೆ ಹೊಲದೊಡೆಯನ ಬುದ್ಧಿ ಕದಲುವುದು ಲೋಕರೂಢಿ. ಬೆಂಗಳೂರಿನಲ್ಲಿ ಪಿಂಚಣಿ ಎಣಿಸುತ್ತ ಕುಳಿತಿದ್ದ ನನಗೂ, ಪಾಲಿಗೆ ಬಂದ ಮುಕ್ಕಾಲು ಎಕರೆಯಲ್ಲಿ ನಾಲ್ಕು ಅಂಗಡಿ ಕಟ್ಟಿಸಿ ಬಾಡಿಗೆ ಉಣ್ಣುವ ಆಸೆ ಹುಟ್ಟಿತು. ಅಡ್ಡ ನಿಂತದ್ದು ತಾತ ನೆಟ್ಟ ಹುಣಸೆಮರ.

ಮರದ ವ್ಯಾಪಾರಿಯೊಬ್ಬ ಬಂದು ಮರವನ್ನು ಸುತ್ತಿ ನೋಡಿದ. "ಹ್ಞೂಂ ಅನ್ನಿ ಸಾರ್. ಭಾನುವಾರ ಕಚೇರಿ ಇರಲ್ಲ, ಸೋಮವಾರಕ್ಕೆ ಮರ ಇರಲ್ಲ" ಎಂದ. ನನ್ನ ಹೊಲ, ನನ್ನ ಮರ, ಕೇಳುವವರಾರು? ಆದರೆ ಮೂವತ್ತು ವರ್ಷ ಗುಮಾಸ್ತೆಗಿರಿ ಮಾಡಿದವನಿಗೆ ಕಾಗದವಿಲ್ಲದೆ ಕೈ ಏಳದು. ಪಹಣಿ ಹಿಡಿದು ಅರಣ್ಯ ಇಲಾಖೆಗೆ ಹೋದೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಹೊಲದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮೊದಲಾದವಕ್ಕೆ ವಿನಾಯಿತಿ ಉಂಟು, ಹುಣಸೆಗಿಲ್ಲ. ಮರ ಒಣಗಿದ್ದರೆ, ರೋಗ ತಗುಲಿದ್ದರೆ, ಗಾಳಿಗೆ ಉರುಳಿದ್ದರೆ, ಜನಕ್ಕೋ ಆಸ್ತಿಗೋ ಅಪಾಯವಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ ಅನುಮತಿ ನಿರಾಕರಿಸುವಂತಿಲ್ಲ. ನಮ್ಮ ಹುಣಸೆ ಇವುಗಳಲ್ಲಿ ಒಂದು ಅಪರಾಧವನ್ನೂ ಮಾಡಿರಲಿಲ್ಲ. ಇಷ್ಟಾಗಿ ಕಡಿದರೂ ಬದಲಿಗೆ ಗಿಡ ನೆಟ್ಟು ಬೆಳೆಸುವ ಹೊಣೆ ಕಡಿದವನದೇ.

ಅಲ್ಲಿದ್ದ ಹುಡುಗ ವಿವೇಕಿ. "ಬೇಸಾಯದ ಜಮೀನಲ್ಲಿ ಅಂಗಡಿ ಕಟ್ಟೋಕೆ ಭೂಪರಿವರ್ತನೆ ಆಗ್ಬೇಕಲ್ಲ ಸಾರ್? ಮೊದಲು ಅದನ್ನ ವಿಚಾರಿಸಿ. ಅದು ಆಗದೆ ಹೋದ್ರೆ ಅಂಗಡೀನೂ ಇಲ್ಲ, ಮರಾನೂ ಇಲ್ಲ" ಎಂದ. ಆಮೇಲೆ ಲೇಖನಿ ತೆಗೆದು, "ಅರ್ಜಿಗೆ ಕಾರಣ ಏನಂತ ಬರೀತೀರಿ?" ಎಂದು ಕೇಳಿದ. ನನ್ನ ಬಾಯಿ ಕಟ್ಟಿತು. "ನಾಳೆ ಬರುತ್ತೇನೆ" ಎಂದು ಅರ್ಜಿ ಮಡಿಸಿಕೊಂಡು ಹೊರಬಂದೆ.

ಶಿವರಾತ್ರಿ ಕಳೆದ ದಿನಗಳು. ದೊಡ್ಡವ್ವ ಅದೇ ಮರದ ಕೆಳಗೆ ಕುಳಿತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. "ಏನಂದ್ರು ಮಗ?" ಎಂದಳು. ಹೇಳಿದೆ. ಕೈ ನಿಲ್ಲಿಸದೆ ಅಂದಳು: "ಕಚೇರೀಲಿರೋರ್ನೆಲ್ಲ ಕೇಳ್ಕಂಡ್ ಬಂದೆ. ಇಲ್ಲಿರೋಳ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ನಿಲ್ವ?"

ವರ್ಷವರ್ಷ ಹಣ್ಣು ಮಾರಿದ ದುಡ್ಡಿನಲ್ಲೇ ಅವಳ ಔಷಧಿಯ ಖರ್ಚು ಸಾಗುತ್ತಿತ್ತೆಂದು ನನಗೆ ತಿಳಿದದ್ದು ಅಂದೇ. ಪಹಣಿಯಲ್ಲಿ ಇದ್ದದ್ದು ನನ್ನ ಹೆಸರು. ಮರವನ್ನು ಕಾದದ್ದು ಅವಳು. ವ್ಯಾಪಾರಿಯ ಮಾತು ಕೇಳಿದ್ದರೆ ಒಂದು ಭಾನುವಾರದಲ್ಲಿ ಎಲ್ಲ ಮುಗಿದಿರುತ್ತಿತ್ತು. ಕಾನೂನು ನನ್ನನ್ನು ನಾಲ್ಕು ದಿನ ತಡೆದದ್ದರಿಂದ ಅವಳ ಮಾತು ನನ್ನ ಕಿವಿಗೆ ಬಿತ್ತು.

ಅರ್ಜಿ ಇನ್ನೂ ಭರ್ತಿಯಾಗಿಲ್ಲ. ವ್ಯಾಪಾರಿಗೆ ಮಾತ್ರ ಹೇಳಿಕಳಿಸಿದ್ದೇನೆ: ಬೇಕಾದರೆ ಈ ಸಲ ಹಣ್ಣು ಕೊಳ್ಳಲಿ, ದರ ದೊಡ್ಡವ್ವ ಹೇಳುತ್ತಾಳೆ.